ಪಂಚಮಿ ಸ್ಪೆಷಲ್

ಗುಳೇದಗುಡ್ಡದ ಸ್ಟೇಷನ್ನು ಊರು ಬಿಟ್ಟು ದೂರ.
ನಮ್ಮ ಪಡಸಾಲ್ಯಾಗ ಮಾತ್ರ
ಬಾಗಲ ಮಟಾ ಹಳಿ.

ಮಗ್ಗದ ಕುಣಿ ದಾಟಾಕ
ಹಲಗಿ ಇಟ್ಟು ಸೇತುವೆ ಮಾಡೀನಿ.
ಸಂಗು ಹೂಂ ಅಂದ್ರಷ್ಟ ಗಾಡಿ ಬಿಡಬೇಕು,
ನಾ ಬರೇ ಪಾಯಿಂಟ್ಸ್‌ಮನ್.

ನಾಗಪ್ಪಗ ಹಾಲೆರದು ಬಂದ ಮ್ಯಾಲ
ಇವತ್ತು ಡಬ್ಬಿಗೊಂದು ಉಂಡಿ:
ಶೇಂಗಾದ್ದು, ಎಳ್ಳಿಂದು, ಕಡೀಕ ಬೇಸನ್ನಿಂದು.
ತವರಿಗೆ ಬಂದ ನಿಂಬೆಕ್ಕ
ಕಾಲು ಚಾಚಿ ಕುಂತಲ್ಲೇ ಕಡೇ ಸ್ಟೇಷನ್.

ಸೇತುವೆ ಮ್ಯಾಲ ಎಂಜಿನ್ ಮಗುಚಿತು.
‘ವಜ್ಜಿ ಆತಪ್ಪಾ,’ ಅಂದ.
ಎಳ್ಳುಂಡಿ ಅರ್ಧ ಕಡದು ಇಟ್ಟೆ.
ಅವ ಉಳದರ್ಧ ಕಡದ.
ಹಂಗ ಹಗುರಾಕ್ಕೋತ ಮುಟ್ಟಿತು.

ಖಾಲಿ ಡಬ್ಬಿ ಇಣುಕಿದ ಅಕ್ಕ
ಎರಡು ಬೆರಳು ಬಾಯಾಗಿಟ್ಟು ಸಿಳ್ಳಿ ಹೊಡದ್ಲು,
ಓಣಿ ತುದಿಯಿಂದ ನನ್ನ ಕರಿತಿದ್ಲಲ್ಲ, ಅದ ಸಿಳ್ಳಿ.

ನನಗೂ ಮೊದಲ ಗಾಡಿ ಹೊಂಟಿತ್ತು,
ಅಡಗಿಮನಿ ಕಡೆ.