ನೀಲಿ ಹಾಳಿ, ಹಸರು ಹಾಳಿ

ಸುರಪುರದ ತಹಶೀಲ ಕಚೇರಿ ಎದುರಿಗೆ
ಬೇವಿನ ನೆರಳು ಹನ್ನೊಂದಕ್ಕ ಮುಗೀತದ.
ಆಮ್ಯಾಲ ತಗಡಿನ ನೆರಳು. ಅದರ ಕೆಳಗ
ನಾನು, ಒಂದು ಬೆಂಚು,
ಟವೆಲ್ ಹೊದ್ದು ಮಲಗಿದ ಹಳೇ ಟೈಪ್‌ರೈಟರು,
ಅದರ ಜಾಗದಾಗ ಸಾಬಣ್ಣ ತಂದಿಟ್ಟ ಕಂಪ್ಯೂಟರು.

"ಕಾಕಾ, ಇದರೊಳಗಿನ ಆಫೀಸಿಗೆ ರೊಕ್ಕ ಇಲ್ಲ, ಪುಕ್ಕಟೆ" ಅಂದ.
ಈ ಕಂಪೌಂಡಿನಾಗ ಇಪ್ಪತ್ತಾರು ವರ್ಷ ಕುಂತೀನಿ,
ಪುಕ್ಕಟೆ ಅನ್ನೋ ಶಬ್ದ
ಅರ್ಜಿಯೊಳಗ ಬರದೀನಿ, ಹೊರಗ ನೋಡಿಲ್ಲ.
ಮೊದಲ ವಾರ ಮುಟ್ಟಲಿಕ್ಕೇ ಅಂಜಿದೆ,
ಬಿಲ್ಲು ಹಿಂದಿಂದ ಬರ್ತದೇನೋ ಅಂತ.

ತೆರದ್ರ ಒಂದು ಬಿಳಿ ಪಡಸಾಲಿ.
ಎಡಕ್ಕ ಸಣ್ಣ ಸಣ್ಣ ಹಾಳಿ,
ಎಲ್ಲಾದರದೂ ಒಂದು ಮೂಲಿ ಮಡಚ್ಯಾದ,
ಓದಿದ ಪುಟ ಮರೀಬಾರದಂತ ಯಾರೋ ಗುರುತಿಟ್ಟಂಗ.
ನೀಲಿ ಒತ್ತಿದ್ರ ಬರಿಯೋದು, ಹಸರು ಒತ್ತಿದ್ರ ಲೆಕ್ಕ.
ಕೇಸರಿ ಏನಂತ ಕೇಳಿದೆ.
"ಮೀಟಿಂಗಿನಾಗ ಗ್ವಾಡಿ ಮ್ಯಾಲ ತೋರ್ಸೋದು ಕಾಕಾ, ಸಾಹೇಬರದು."
ಹಂಗಾರ ಅದಕ್ಕ ಕೈ ಹಚ್ಚೂದಿಲ್ಲ ಅಂದೆ.

ಟೈಪ್‌ರೈಟರಿಗೆ ಬಾಗಿಲ ಇರಲಿಲ್ಲ.
ಹಾಳಿ ಸಿಗಸು, ಬಡಿ, ಹೊರಗ ಎಳಿ.
ಲೆಕ್ಕ ಬೇಕಾದ್ರ ಸ್ಕೇಲ್ ಹಿಡದು ಗೆರಿ ಹೊಡಿ.
ಇಲ್ಲಿ ಪತ್ರದೊಳಗ ಕುಂತೇ, ಮ್ಯಾಲಿನ ಪಟ್ಟಿಯಿಂದ
ಕಡತ, ಹೊಸತು, ಅಂತ ಇಳಕೋತ ಹೋದ್ರ
ಲೆಕ್ಕದ ಮನಿ ತೆರೀತದ, ಪತ್ರದ ಮನಿ ಮುಚ್ಚೂದಿಲ್ಲ;
ಹಿಂದ ದೀಪ ಹಚ್ಚಿದಂಗೇ ಇರ್ತದ.
ನನಗ ಇದು ತಿಳೀಲಿಕ್ಕೆ ಒಂದು ತಿಂಗಳಾತು.
ಕಚೇರಿಯೊಳಗ ಒಂದು ಟೇಬಲ್ಲಿಗೆ ಹೋದ್ರ
ಇನ್ನೊಂದು ಟೇಬಲ್ಲು ಊಟಕ್ಕ ಎದ್ದಿರ್ತದ.

ಮಂಗಳವಾರ ಹುಸೇನಬಿ ಬಂದಳು, ದೇವಾಪುರದಾಕಿ.
ರೇಷನ್ ಕಾರ್ಡಿನಾಗ ಹನ್ನೆರಡು ವರ್ಷದಿಂದ
ಆಕಿ ಹುಸೇನಪ್ಪ. ಗಂಡಸು. ವಯಸ್ಸು ಸರಿ ಅದ.
"ಮೀಸಿ ಒಂದು ಬಾಕಿ ನೋಡ್ರಿ" ಅಂದಳು.
ಗಡಿಬಿಡಿಯೊಳಗ ಹಸರು ಒತ್ತೀನಿ, ಗೊತ್ತಾಗಲಿಲ್ಲ.
ಕೈಗೆ ಹಳೇ ರೂಢಿ, ಜಾಗ ಬಿಡಲಿಕ್ಕೆ ಟ್ಯಾಬ್ ಒತ್ತಕೋತ ಹೋದೆ.
ಮಾನ್ಯ ತಹಶೀಲ್ದಾರರಿಗೆ ಒಂದು ಖಾನಿ.
ಹುಸೇನ ಒಂದು ಖಾನಿ,
ಬಿ ಮಗ್ಗಲ ಖಾನಿ.
ಮಕ್ಕಳು 3 ಅಂತ ಹೊಡದ್ರ ಅದು ತಾನೇ ಬಲಕ್ಕ ಸರೀತು.
ಅಂಕಿ ಎಲ್ಲಾ ಬಲಕ್ಕ, ಅಕ್ಷರ ಎಲ್ಲಾ ಎಡಕ್ಕ,
ಮದುವಿ ಪಂಕ್ತಿಯಾಗ ಗಂಡಸರು ಹೆಂಗಸರು ಕುಂತಂಗ.

ಅಳಸಲಿಕ್ಕೆ ಹೋದೆ. "ತಡೀರಿ" ಅಂದಳು.
ಓದಲಿಕ್ಕ ಬರೂದಿಲ್ಲ ಆಕಿಗೆ, ಗೆರಿ ಕಾಣ್ತಾವ.
"ಈ ಸಣ್ಣ ಸಣ್ಣ ಖೋಲಿ ಯಾರವ್ರಿ?"
ನಿನ್ನವೇ ಬೇ, ಒಂದೊಂದು ಮಾತಿಗೆ ಒಂದೊಂದು.
ಜರಾ ಹೊತ್ತು ಸುಮ್ಕಿದ್ದಳು.
"ಏಳು ಮಂದಿ ಒಂದ ಖೋಲ್ಯಾಗ ಮಲಗ್ತೀವಿ.
ಇರಲಿ ಬಿಡ್ರಿ, ಹೆಸರರ ಕಾಲು ಚಾಚಲಿ."

ಖಾನಿ ಖಾನಿ ಅರ್ಜಿ ಗುಮಾಸ್ತ ತಗೊಳ್ಳೂದಿಲ್ಲ.
ಆಕಿ ಛಾಕ್ಕ ಹೋದಾಗ ನೀಲಿ ತೆರದು
ನೆಟ್ಟಗ ಬರದೆ, ಕೆಳಗ ಹೆಬ್ಬೆಟ್ಟಿನ ಜಾಗ ಬಿಟ್ಟು.
ಹಸರಿನದೂ ಒಂದು ಪ್ರಿಂಟ್ ತಗದೆ, ಆಕಿ ಸಲುವಾಗಿ.
"ಇದು ಪುಕ್ಕಟೆ" ಅಂದೆ. ಬಾಯಿಗೆ ಹೊಸ ರುಚಿ.

ಆಕಿ ಹಾಳಿ ತಿರುವಿ ಮುರುವಿ ನೋಡಿದಳು.
"ಗ್ವಾಡಿ ಎಲ್ಲಿ ಹೋದ್ವು?"
ಖರೆ. ಗಾಜಿನ ಮ್ಯಾಲ ಕಂಡ ಗೆರಿ ಹಾಳಿಗೆ ಬಂದಿರಲಿಲ್ಲ.
ಮಾತು ಮಾತ್ರ ದೂರ ದೂರ ನಿಂತಿದ್ದವು,
ಮನಿ ಕೆಡವಿದ ಮ್ಯಾಲ ಮಂದಿ ನಿಂತಂಗ.

ಟವೆಲ್ ಕೆಳಗ ಕೈ ಹಾಕಿ ಸ್ಕೇಲ್ ಹುಡಕಿದೆ.
ಒಂದೊಂದೇ ಗೆರಿ ಹೊಡದೆ, ಪೆನ್ಸಿಲ್ಲಿಂದ.
ಬಿ ಅನ್ನೋ ಅಕ್ಷರದ ಸುತ್ತ ಎರಡು ಸಲ.

ಹಳದಿ ಹಾಳಿ ಯಾವುದಕ್ಕಂತ ಇನ್ನೂ ಕೇಳಿಲ್ಲ.
ಗುರುವಾರ ಸಾಬಣ್ಣ ಬರ್ತಾನ.