ಕೊನೆಯ ಸಾಲಿನ ತನಕ

ಕಾಮಾಕ್ಷಿಪಾಳ್ಯದಲ್ಲಿ ಮಗ್ಗದ ಶೆಡ್ಡಿನ ಮೇಲೊಂದು ಕೋಣೆ.
ಗಣೇಶನ ಪೆಂಡಾಲಿನ ಬಿದಿರು, ಹರಿದ ಸೌಂಡ್ ಬಾಕ್ಸು,
ಜಾಗ ಮಾಡಿಕೊಂಡು ಹನ್ನೊಂದು ಮಕ್ಕಳು, ಒಂದು ಜಮಖಾನ, ನಾನು.
ಭಾನುವಾರವೂ ಮಗ್ಗ ನಿಲ್ಲುವುದಿಲ್ಲ;
ಅದರ ಸದ್ದು ಮೊದಲು ಅಂಗಾಲಿಗೆ, ಆಮೇಲೆ ಕಿವಿಗೆ.

ಉಸಿರು ಹೊಟ್ಟೆಯಿಂದ ಬರಲಿ, ಗಂಟಲಿಂದಲ್ಲ, ಅಂದೆ.
ಕೊನೆಯ ಸಾಲಲ್ಲಿ ಒಬ್ಬಳು ಅಜ್ಜಿ ಇದ್ದಾಳೆ ಅಂದುಕೊಳ್ಳಿ,
ಕಿವಿ ಮಂದ, ಮಂಡಿನೋವು,
ಅಷ್ಟೂ ಮೆಟ್ಟಿಲು ಹತ್ತಿ ಬಂದಿದ್ದಾಳೆ ನಿಮ್ಮ ಮಾತಿಗೆ.

ತನ್ವೀರ್ ಕೂಗಿದ, ಸಜ್ಜೆಯ ಪಾರಿವಾಳ ಎದ್ದವು.
ಜೋಸ್ಲಿನ್ ಕೂಗಿದಳು, ಕೆಳಗಿಂದ ಮೇಸ್ತ್ರಿ ಬೈದ.
ನೀಲಗಂಗ ಬಾಯಿ ತೆರೆದಳು:
ಸೂಜಿಗೆ ದಾರ ಪೋಣಿಸುವಷ್ಟು ಸದ್ದು.

ಜೋರಾಗಿ, ಅಂದೆ. ಇನ್ನೂ ಜೋರಾಗಿ.
ಭಯ ಬಿಡು, ನಾಚಿಕೆ ಬಿಡು,
ಇಪ್ಪತ್ತು ವರ್ಷದಿಂದ ಎಲ್ಲರಿಗೂ ಹೇಳುವ ಅದೇ ಮಾತು,
ಮೂರು ಭಾನುವಾರ ಹೇಳಿದೆ.

ನಾಲ್ಕನೆಯ ವಾರ, ಚಪ್ಪಲಿ ಮೆಟ್ಟುತ್ತ, ಅವಳೇ:
"ಭಯ ಏನಿಲ್ಲ ಸಾರ್.
ನಮ್ದು ಒಂದೇ ರೂಮು. ಅಪ್ಪಂಗೆ ರಾತ್ರಿ ವಾಚ್‌ಮನ್ ಕೆಲಸ.
ಹಗಲು ಮಲಗಿರ್ತಾರೆ."

ಆ ಮನೆಯಲ್ಲಿ ತಟ್ಟೆಯ ಕೆಳಗೆ ಬಟ್ಟೆ ಹಾಸುತ್ತಾರಂತೆ.
ನಾಲ್ಕರ ತನಕ ಮಿಕ್ಸಿ ಇಲ್ಲ, ಒಗ್ಗರಣೆ ಇಲ್ಲ.
ತಮ್ಮನ ಜೊತೆ ಜಗಳ ಬರೀ ಕಣ್ಣಲ್ಲಿ, ಬೆರಳಲ್ಲಿ.
ನಗು ಬಂದರೆ ದಿಂಬು ಕಚ್ಚುವುದು.

ಮೆಟ್ಟಿಲ ಮೇಲೆ ನಾನು ಸುಮ್ಮನೆ ನಿಂತೆ.
ಮುಂದಿನ ವಾರ ಅಂದೆ: ಇವತ್ತು ನೀನು ಮೇಷ್ಟ್ರು,
ಆ ಜಗಳ ನಮಗೆ ಕಲಿಸು.
ತನ್ವೀರನಿಗೆ ಆಗಲಿಲ್ಲ. ನನಗೂ ಆಗಲಿಲ್ಲ.
ಜಮಖಾನದ ನಡುವೆ ಅವಳೊಬ್ಬಳೇ
ಹುಬ್ಬೊಂದರಲ್ಲಿ ಇಡೀ ಮನೆ ಹೊತ್ತಿಸಿದಳು, ಆರಿಸಿದಳು.
ಎಲ್ಲರೂ ಚಪ್ಪಾಳೆ ತಟ್ಟಿದಾಗ
ಅಭ್ಯಾಸಬಲ, ಬಾಗಿಲ ಕಡೆ ನೋಡಿದಳು.

ನಾಟಕ ಮಕ್ಕಳೇ ಕಟ್ಟಿದ್ದು, ಮಾಗಡಿ ರೋಡಿನ ಕಡೆಯ ಬಸ್ಸು.
ಕಂಡಕ್ಟರ್ ಪಾತ್ರ ಅವಳೇ ಕೇಳಿ ಪಡೆದಳು.
ಸ್ಕೂಲಿನ ಅಂಗಳ, ಎರಡು ಟ್ಯೂಬ್‌ಲೈಟು.
ಅಪ್ಪ ಯೂನಿಫಾರಂನಲ್ಲೇ ಬಂದ,
ಡ್ಯೂಟಿಗೆ ಇನ್ನೂ ಒಂದು ಗಂಟೆ.
ಕೊನೆಯ ಸಾಲಲ್ಲಿ ಕೂತ, ಎರಡನೆಯ ದೃಶ್ಯಕ್ಕೆ
ಗದ್ದ ಎದೆಗೆ ಇಳಿದಿತ್ತು.

ಅವಳು ನೋಡಿದಳು. ಅವಳು ನೋಡಿದ್ದನ್ನು ನಾನು ನೋಡಿದೆ.
ಒಂದು ಉಸಿರಿನಷ್ಟು ಬಸ್ಸು ನಿಂತಿತು.

"ಕೊನೇ ಸ್ಟಾಪ್! ಎದ್ದೇಳ್ರೀ, ಎಲ್ಲಾ ಇಳೀರೀ!"

ನೀರಿನ ಟ್ಯಾಂಕಿನ ಮೇಲಿನ ಕಾಗೆಗಳೂ ಎದ್ದವು.
ಅಪ್ಪ ದಡಬಡಿಸಿ ನಿಂತು ಟೋಪಿ ಸರಿಮಾಡಿಕೊಂಡ,
ಗೇಟು ಎಲ್ಲಿ ಎಂದು ಹುಡುಕಿದ.
ಜನ ನಕ್ಕರು. ಆಮೇಲೆ ಅವನೂ.
ಅವಳು ನಗಲಿಲ್ಲ. ಪಾತ್ರದಲ್ಲಿದ್ದಳು.
ಹೆಬ್ಬೆರಳು ನಾಲಿಗೆಗೆ ತಾಗಿಸಿ
ಇಲ್ಲದ ಟಿಕೆಟು ಹರಿದು ಕೊಟ್ಟಳು.

ಎಲ್ಲ ಮುಗಿದು ಕುರ್ಚಿ ಮಡಚುವಾಗ ಹತ್ತಿರ ಬಂದು
"ಸಾರ್, ಬೀಗ ಎಲ್ಲಿ?" ಅಂದಳು, ಮೆಲ್ಲಗೆ,
ಎಂದಿನ ಹಾಗೆ.
ಜೋರಾಗಿ ಹೇಳು ಅನ್ನಲಿಲ್ಲ ನಾನು.
ಜೇಬು ತಡಕಿದೆ.