ಲಾಸ್ಟ್ ನೇಮ್

ಫಾರಂ ಮುಂದಕ ಹೋಗವಲ್ದು.
ಎರಡನೇ ಖಾನಿ ಪಕ್ಕದಾಗ ಒಂದು ಕೆಂಪು ಚುಕ್ಕಿ,
ಸೂಜಿ ಚುಚ್ಚಿದ ಬೆರಳು ಬಟ್ಟಿ ಮ್ಯಾಲ ಬಿಟ್ಟಂಥಾದ್ದು.

“ಲಾಸ್ಟ್ ನೇಮ್ ಹಾಕ್ರಿ ಅಕ್ಕ,” ಅಂತಾಳ ಸಫೂರಾ.
ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡಾಕಿ, ನಮಗೆಲ್ಲಾ ಮೇಡಂ.
ಕೊನೀ ಹೆಸರು ಅಂದರ?
ಇದ್ದದ್ದು ಒಂದು. ಎರ್ರೆಮ್ಮ.
ಅದೂ ಆಧಾರಿನಾಗ ವೈ ಹಿಡಿದು ಬರತೈತಿ,
ರೇಷನ್ ಕಾರ್ಡಿನಾಗ ಇ ಹಿಡಿದು.
ಓಣ್ಯಾಗ ನಾಕು ಮಂದಿ ಅದೀವಿ:
ಟ್ಯಾಂಕಿನ ಎರ್ರೆಮ್ಮ, ಮಿರ್ಚಿ ಎರ್ರೆಮ್ಮ,
ಮ್ಯಾಲಿನ ಮನಿ ಎರ್ರೆಮ್ಮ,
ನಾನು ಕಾಜಾ ಎರ್ರೆಮ್ಮ.

ಹದಿನೇಳು ವರ್ಷ ಕೌಲ್ ಬಜಾರಿನ ಯೂನಿಟ್ಟಿನಾಗ
ಜೀನ್ಸಿಗೆ ಕಾಜಾ ಹಾಕಿದೆ.
ಎಷ್ಟು ಮಂದಿ ಪ್ಯಾಂಟು ನನ್ನ ಕಾಜಾದ ಮ್ಯಾಲ ನಿಂತಾವೋ
ಲೆಕ್ಕ ಇಟ್ಟಾಕಿ ಅಲ್ಲ.
ಹೋದ ದೀಪಾವಳಿಗೆ ಹೊಸ ಮಷೀನ್ ಬಂತು,
ಅದರ ಮಾರಿ ಮ್ಯಾಲ ಸಣ್ಣ ಕನ್ನಡಿ,
ಕನ್ನಡಿಯಾಗ ಇಂಗ್ಲಿಷು.
ಓದಾಕ ಬಂದ ಹುಡುಗ ಉಳಕೊಂಡ.
ನಾನು ಕತ್ತರಿ ಸೆರಗಿಗೆ ಸುತ್ತಿಕೊಂಡು ಮನಿಗೆ ಬಂದೆ.

ಟೈರಿನ ಅಂಗಡಿ ಮ್ಯಾಲಿನ ಖೋಲಿ.
ಒಂಬತ್ತು ಕಂಪ್ಯೂಟರ್, ನಡೆಯೋವು ಆರು,
ಉಳಿದವು ಬಳ್ಳಾರಿ ಬಿಸಲಿಗೆ ಬಾಯಿ ಬಿಟ್ಟು ಕುಂತಾವ.
ಸಫೂರಾ ಹೇಳೂಕ್ಕಿಂತ ಮೊದಲ ಬೆರಳಿಗೆ ಸಿಕ್ಕಿತ್ತು
ಎಫ್ ಮ್ಯಾಲೊಂದು, ಜೆ ಮ್ಯಾಲೊಂದು ಸಣ್ಣ ಗೀರು.
ಕರೆಂಟು ಹೋದಾಗ ಹೊಲಿಗಿ ಹುಡುಕಿದ ಬೆರಳು ಇವು.
ಅಕ್ಷರ ಮಾತ್ರ ಸಂತಿಯಾಗ ತಪ್ಪಿಸಿಕೊಂಡ ಮಕ್ಕಳ ಹಂಗ,
ಎ ಇಲ್ಲೆ, ಬಿ ಎಲ್ಲೋ ಕೆಳಗ.
“ಯಾರು ಜೋಡಿಸ್ಯಾರ ಇದನ್ನ?” ಅಂದೆ.
ಆಕಿಗೂ ಗೊತ್ತಿಲ್ಲ. ನಕ್ಕಳು.

ಸಂಜಿ ಆರಕ್ಕ ಇಂಗ್ಲಿಷು.
ಹನ್ನೊಂದು ಮಂದಿ ಒಟ್ಟಿಗೆ: ಐ ಸ್ಟಿಚ್. ಐ ಸ್ಟಿಚ್ಡ್.
ಹಿಂದಿನ ಕಾಲ ನನಗ ಲಗೂನ ಬಂತು.
ಕೊನಿಗೆ ಬರೋ ಆ ‘ಟ್’,
ಹಲ್ಲಿಲೆ ದಾರ ಕಡದ ಸದ್ದು.
ಮುಂದಿನ ಕಾಲ ಇನ್ನೂ ನಾಲಿಗಿಗೆ ಹತ್ತವಲ್ದು,
‘ವಿಲ್’ ಅನ್ನಾಕ ಹೋದರ ಬಾಯಾಗ ‘ಇಲ್ಲ’ ಬರತೈತಿ.

ಎಷ್ಟು ಭಾಷೆ ಬರತಾವ, ಫಾರಂ ಕೇಳ್ತು.
ಒಂದೂ ಇಲ್ಲ ಅಂದೆ.
ಸಫೂರಾ ಬೆರಳು ಮಡಚಿದಳು:
“ನನ್ನ ಜೋಡಿ ಕನ್ನಡ. ಮನಿ ಮಾಲೀಕನ ಜೋಡಿ ತೆಲುಗು.
ನಿನ್ನೆ ಆಟೋದವನಿಗೆ ಬೈದದ್ದು ಉರ್ದು ಅಲ್ಲೇನು?”

ಕಡೀಕ ಕೆಂಪು ಚುಕ್ಕಿ ಮುಂದ
ಮತ್ತ ಅದೇ ಹೆಸರು ಹಾಕಿಸಿದಳು.
“ಒಂದೇ ಹೆಸರಿನೋರು ಎಲ್ಲಾರೂ ಹಿಂಗ ಮಾಡ್ತಾರ ಅಕ್ಕ.”
ಎರ್ರೆಮ್ಮ ಎರ್ರೆಮ್ಮ.
ಹಿತ್ತಲದಾಗ ನಿಂತು ಯಾರೋ ಕೂಗಿದಂಗಾತು,
ಓ ಅನ್ನಬೇಕನಿಸಿತು.

ಆಮ್ಯಾಲ ಪಾಸ್‌ವರ್ಡ್.
“ಯಾರಿಗೂ ಗೊತ್ತಿರಬಾರದು. ನನಗೂ ಹೇಳಬ್ಯಾಡ್ರಿ.”
ಬಾಳ ಹೊತ್ತು ಸುಮ್ಮನ ಕುಂತೆ.
ನಮ್ಮದು ಒಂದೇ ಖೋಲಿಯ ಮನಿ.
ಸಕ್ಕರಿ ಡಬ್ಬಿಯಾಗಿನ ರೊಕ್ಕ ಅತ್ತಿಗೆ ಗೊತ್ತು,
ಮೊಣಕಾಲ ಬ್ಯಾನಿ ಓಣಿಗೆಲ್ಲಾ ಗೊತ್ತು,
ರಾತ್ರಿ ಬಿದ್ದ ಕನಸೂ
ಚಾ ಕುದಿಯೂದ್ರಾಗ ಮಗಳಿಗೆ ಹೇಳಿಬಿಟ್ಟಿರತೀನಿ.
ಯಾರಿಗೂ ಗೊತ್ತಿಲ್ಲದ್ದು ನನ್ನ ಹತ್ರ ಏನೈತಿ?

ಇತ್ತು, ಒಂದು.

ನಾನು ಒತ್ತೋವಾಗ ಸಫೂರಾ
ಕಿಟಕಿ ಕಡೆ ಮಾರಿ ತಿರುವಿ ನಿಂತಳು,
ಯಾರೋ ಸೀರಿ ಬದಲಿಸಾಕತ್ತಾಗ ನಿಲ್ಲೂ ಹಂಗ.
ಪರದಿ ಮ್ಯಾಲ ಒಂಬತ್ತು ಕರಿ ಚುಕ್ಕಿ.
ಕೆಂಪಂದು ಹೋಗಿತ್ತು.

ರಾತ್ರಿ ರೊಟ್ಟಿ ಬಡಿಯೋವಾಗ, ಎಲ್ಲಿ ಮರತೀನೋ ಅಂತ
ಬಾಯಾಗ ಅದನ್ನೇ ತಿರುವಿ ತಿರುವಿ ಹಾಕಾಕತ್ತಿದ್ದೆ.
“ಯಾ ದೇವರದು ಅದು?” ಅಂದಳು ಅತ್ತಿ.
ಹೇಳಲಿಲ್ಲ.
ಹಂಚಿನ ಮ್ಯಾಲಿನ ರೊಟ್ಟಿ ಹೊಳ್ಳಿಸಿ ಹಾಕಿದೆ.